ಐದು ತಿಂಗಳ ನಂತರ ಮರಳಿದರೆ ನನ್ನ ಗುರಾಣಿಗೆ ಕೆಲಸವೇ ಇಲ್ಲ

ಪ್ರಶ್ನೆ: ಸರ್, ನಾವು ನಾಲ್ವರು ಹಳೇ ಸ್ನೇಹಿತರು. ಮೂರು ವರ್ಷದಿಂದ ಶನಿವಾರ ರಾತ್ರಿ ಒಂದೇ ಕೋ-ಆಪ್ ಶೂಟರ್ (ಎಲ್ಲರೂ ಒಂದೇ ಪಕ್ಷದಲ್ಲಿ ನಿಂತು ಗುಂಡು ಹಾರಿಸುವ ಗೇಮ್) ಆಡುತ್ತಾ ಬಂದಿದ್ದೇವೆ. ಮಗು ಹುಟ್ಟಿದ ಮೇಲೆ ನಾನು ಐದು ತಿಂಗಳು ಆ ಕಡೆ ತಲೆ ಹಾಕಿರಲಿಲ್ಲ. ಹೋದ ವಾರ ಲಾಗಿನ್ ಆದರೆ ಮೊದಲು 38 ಜಿಬಿ ಅಪ್‌ಡೇಟ್, ಆಮೇಲೆ ಗುರುತೇ ಸಿಗದ ಗೇಮ್. ನನ್ನದು ಗುರಾಣಿ ಹಿಡಿದು ಬಾಗಿಲು ತಡೆಯುವ ಪಾತ್ರ. ಇಬ್ಬರು ಗೆಳೆಯರು ಎರಡು ಡಿಎಲ್‌ಸಿ (ಗೇಮ್‌ಗೆ ಆಮೇಲೆ ದುಡ್ಡು ಕೊಟ್ಟು ಸೇರಿಸಿಕೊಳ್ಳುವ ಹೊಸ ಭಾಗ) ಕೊಂಡಿದ್ದಾರೆ. ಅವರ ಹೊಸ ಬಂದೂಕಿನ ಮುಂದೆ, ನಾನು ಬಾಗಿಲು ತಲುಪುವಷ್ಟರಲ್ಲಿ ಕೋಣೆ ಖಾಲಿ. ಇನ್ನೊಬ್ಬ ಗೆಳೆಯ 'ಒಂದು ಸಲ ದುಡ್ಡು ಕೊಟ್ಟಾಗಿದೆ, ಇನ್ನು ಕೊಡಲ್ಲ' ಎಂದು ಹಟ ಹಿಡಿದಿದ್ದಾನೆ. ಕಷ್ಟದ ಹಂತ ಏರಿಸಿದರೆ ನಾವಿಬ್ಬರೂ ಸತ್ತು ಬೀಳುತ್ತೇವೆ, ಇಳಿಸಿದರೆ ಅವರಿಬ್ಬರಿಗೆ ಬೇಜಾರು. ಹೊಸದನ್ನು ಮಾರಲೆಂದೇ ಕಂಪನಿಯವರು ಹಳೆಯದನ್ನು ಕೆಡಿಸುತ್ತಾರಾ? ನಾವಿಬ್ಬರೂ ಡಿಎಲ್‌ಸಿ ಕೊಳ್ಳಲೇಬೇಕಾ? ಹಳೇ ಆವೃತ್ತಿಗೆ ಮರಳಬಹುದಾ? ಅಥವಾ ನನ್ನ ಕೈಯೇ ನಿಧಾನವಾಯಿತಾ?

ಉತ್ತರ: ನೀವು ಕೇಳಿದ್ದು ನಾಲ್ಕು ಪ್ರಶ್ನೆ. ನನ್ನ ಕಣ್ಣು ನಿಂತದ್ದು ಪ್ರಶ್ನೆಯಲ್ಲದ ಒಂದು ಸಾಲಿನ ಮೇಲೆ: 'ನಾನು ಬಾಗಿಲು ತಲುಪುವಷ್ಟರಲ್ಲಿ ಕೋಣೆ ಖಾಲಿ.' ಹಲವು ವರ್ಷ ನಾಲ್ವರು ಆಡುವ ಗೇಮ್‌ಗಳ ಬ್ಯಾಲೆನ್ಸ್ ನೋಡಿಕೊಂಡವನು ನಾನು. ಯಾವ ಆಯುಧಕ್ಕೆ ಎಷ್ಟು ಬಲ, ಯಾವ ಶತ್ರುವಿಗೆ ಎಷ್ಟು ಆಯುಷ್ಯ ಎಂಬ ಕೋಷ್ಟಕ ತಿದ್ದುವುದೇ ನನ್ನ ಕೆಲಸವಾಗಿತ್ತು. ನಿಮ್ಮ ಆ ಒಂದು ಸಾಲಿನಲ್ಲಿ ಇಡೀ ರೋಗದ ಲಕ್ಷಣ ಇದೆ.

ಮೊದಲು ಆ ಕೋಣೆಯನ್ನೇ ಲೆಕ್ಕ ಹಾಕೋಣ. ಅಂಕಿಗಳು ನನ್ನವು, ಆದರೆ ಎಲ್ಲ ಗೇಮ್‌ನಲ್ಲೂ ಲೆಕ್ಕ ನಡೆಯುವುದು ಹೀಗೆಯೇ. ಒಬ್ಬ ಶತ್ರುವಿನ ಆಯುಷ್ಯ 600 ಅನ್ನಿ. ಹಳೇ ಬಂದೂಕಿನ ಒಂದು ಗುಂಡಿಗೆ 50 ಹೋಗುತ್ತದೆ, ಸೆಕೆಂಡಿಗೆ ನಾಲ್ಕು ಗುಂಡು. ಅಂದರೆ ಒಬ್ಬನನ್ನು ಬೀಳಿಸಲು ಮೂರು ಸೆಕೆಂಡು. ಆ ಮೂರು ಸೆಕೆಂಡಿನಲ್ಲಿ ಬಾಗಿಲಿನಿಂದ ಇನ್ನೂ ಇಬ್ಬರು ನುಗ್ಗುತ್ತಾರೆ. ಅವರನ್ನು ಯಾರಾದರೂ ತಡೆಯಬೇಕು, ಅದಕ್ಕೇ ನಿಮ್ಮ ಗುರಾಣಿ. ಈಗ ಡಿಎಲ್‌ಸಿಯ ಬಂದೂಕು ಬಂತು, ಗುಂಡಿಗೆ 200. ಮೂರು ಗುಂಡು, ಮುಕ್ಕಾಲು ಸೆಕೆಂಡು, ಮುಗಿಯಿತು. ಗುರಾಣಿಯ ಅಂಕಿಯನ್ನು ಯಾರೂ ಮುಟ್ಟಿಲ್ಲ. ಅಪ್‌ಡೇಟ್‌ನಲ್ಲಿ ಬದಲಾದದ್ದನ್ನು ಪಟ್ಟಿ ಮಾಡುವ ಪ್ಯಾಚ್ ಟಿಪ್ಪಣಿ ಎಷ್ಟು ಹುಡುಕಿದರೂ 'ಗುರಾಣಿಯ ಶಕ್ತಿ ಕಡಿಮೆ ಮಾಡಿದ್ದೇವೆ' ಎಂಬ ಸಾಲು ನಿಮಗೆ ಸಿಗುವುದಿಲ್ಲ. ಗುರಾಣಿ ಕೊಡುತ್ತಿದ್ದದ್ದು ಸಮಯವನ್ನು. ಆ ಸಮಯಕ್ಕೇ ಈಗ ಗಿರಾಕಿ ಇಲ್ಲ.

ಇನ್ನು ಕಷ್ಟದ ಹಂತ ಏರಿಸಿದಾಗ ಏನಾಗುತ್ತದೆ ನೋಡಿ. ಹೊಸ ಬಂದೂಕಿಗೆ ಸವಾಲು ಬೇಕಲ್ಲ, ಶತ್ರುವಿನ ಆಯುಷ್ಯ 1,800 ಆಯಿತು ಅಂದುಕೊಳ್ಳಿ. ಕೊಂಡವರಿಗೆ ಒಂಬತ್ತು ಗುಂಡು, ಸುಮಾರು ಎರಡೂಕಾಲು ಸೆಕೆಂಡು, ಹದವಾದ ಆಟ. ನಿಮಗೆ 36 ಗುಂಡು, ಒಂಬತ್ತು ಸೆಕೆಂಡು. ಅಷ್ಟರಲ್ಲಿ ನಿಮ್ಮನ್ನು ಮೂರು ಸಲ ಕೆಡವಿರುತ್ತಾರೆ. ಒಂದೇ ಕೋಣೆಯಲ್ಲಿ ನಿಂತು ನಾಲ್ವರು ಎರಡು ಬೇರೆ ಬೇರೆ ಗೇಮ್ ಆಡುತ್ತಿದ್ದೀರಿ. ಒಬ್ಬರ ಮೇಲೊಬ್ಬರು ಗುಂಡು ಹಾರಿಸುವ ಗೇಮ್‌ಗಳಲ್ಲಿ ಈ ಅಂತರ ಕಂಡ ದಿನವೇ ಗಲಾಟೆ ಏಳುತ್ತದೆ, ಸೋತವನು ಸುಮ್ಮನಿರುವುದಿಲ್ಲ. ಕೋ-ಆಪ್‌ನಲ್ಲಿ ಹಾಗಲ್ಲ, ಎಲ್ಲರೂ ಗೆದ್ದಿರುತ್ತಾರೆ. ಗೆದ್ದ ಗುಂಪಿನಲ್ಲಿ ಒಬ್ಬ ಸುಮ್ಮನೆ ಹಿಂದೆ ನಡೆದುಬಂದ ಅನ್ನುವುದು ಯಾರ ಗಮನಕ್ಕೂ ಬರುವುದಿಲ್ಲ, ಎಷ್ಟೋ ಸಲ ಗೇಮ್ ಮಾಡಿದವರ ಗಮನಕ್ಕೂ.

ಇದನ್ನು ನಾನು ಕಲಿತದ್ದು ಸ್ವಂತ ತಪ್ಪಿನಿಂದ. ನಾವೊಂದು ಡಿಎಲ್‌ಸಿಯಲ್ಲಿ ಪುಟ್ಟ ಡ್ರೋನ್ ಕೊಟ್ಟೆವು. ಅದಕ್ಕೂ ಮೊದಲು ನೆಲಕ್ಕೆ ಬಿದ್ದವನನ್ನು ಗೆಳೆಯನೇ ಬಂದು ಎತ್ತಬೇಕಿತ್ತು, 30 ಸೆಕೆಂಡಿನ ಒಳಗೆ. ಡ್ರೋನ್ ಇದ್ದರೆ ಎಲ್ಲಿಂದಾದರೂ ನಾಲ್ಕು ಸೆಕೆಂಡಿನಲ್ಲಿ ಎತ್ತಿಬಿಡುತ್ತಿತ್ತು. ಚೆನ್ನಾಗಿ ಮಾರಾಟವಾಯಿತು. ಗೆದ್ದ ಮಿಷನ್‌ಗಳ ಗ್ರಾಫ್ ಮೇಲೇರಿತು, ನಾವು ಸಿಹಿ ಹಂಚಿಕೊಂಡೆವು. ಎರಡು ತಿಂಗಳ ಮೇಲೆ ಪರೀಕ್ಷೆಗೆಂದು ಕರೆಸಿದ ಆಟಗಾರರ ಧ್ವನಿಮುದ್ರಿಕೆಗಳನ್ನು ಕೇಳುತ್ತಾ ಕೂತೆ. ಡ್ರೋನ್ ಬರುವ ಮೊದಲಿನವುಗಳಲ್ಲಿ ಬರೀ ಗದ್ದಲ: 'ಬಿದ್ದೆ, ಬಿದ್ದೆ, ಲಿಫ್ಟ್ ಹತ್ರ!' 'ತಡಿ, ಗ್ರೆನೇಡ್ ಎಸೆದು ಬರ್ತೀನಿ.' 'ಬೇಗ ಬಾರೋ ಮಾರಾಯ!' ಡ್ರೋನ್ ಬಂದ ನಂತರದವುಗಳಲ್ಲಿ ಬೀಪ್ ಸದ್ದು, ಅಷ್ಟೇ. ಬಿದ್ದವನು ಕರೆಯುತ್ತಿರಲಿಲ್ಲ, ಉಳಿದವರು ತಿರುಗಿ ನೋಡುತ್ತಿರಲಿಲ್ಲ. ವೈದ್ಯನ ಪಾತ್ರವನ್ನಂತೂ ಯಾರೂ ಆರಿಸಿಕೊಳ್ಳುತ್ತಲೇ ಇರಲಿಲ್ಲ.

ಕೊನೆಗೆ ಡ್ರೋನ್ ತಿದ್ದಿದೆವು. ಬಿದ್ದವನನ್ನು ಅದು ಹತ್ತಿರದ ಮೂಲೆಗೆ ಎಳೆದು ತರುತ್ತದೆ, ಎತ್ತಲು ಮಾತ್ರ ಗೆಳೆಯ ಬರಬೇಕು. ಆಟ ಮತ್ತೆ ಆಟವಾಯಿತು. ಆದರೆ ಡ್ರೋನ್ ಕೊಂಡವರು ನಮ್ಮನ್ನು ಹಿಗ್ಗಾಮುಗ್ಗಾ ಬೈದರು. ಬೈದದ್ದು ಸರಿಯೇ. ಅವರು ದುಡ್ಡು ಕೊಟ್ಟದ್ದು ಒಂದಕ್ಕೆ, ಕೈಯಲ್ಲಿ ಉಳಿದದ್ದು ಇನ್ನೊಂದು.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರುತ್ತೇನೆ. ಮಾರಲೆಂದೇ ಹಳೆಯದನ್ನು ಕೆಡಿಸುತ್ತಾರೆ ಎಂಬ ಅನುಮಾನ ಬಹಳ ಜನರಲ್ಲಿದೆ. ನಾನು ಕೂತ ಸಭೆಗಳಲ್ಲಿ ಹಾಗೆ ಬಾಯಿಬಿಟ್ಟು ಹೇಳಿದವರನ್ನು ಕಂಡಿಲ್ಲ. ಕಂಡದ್ದು ಬೇರೆ: ದುಡ್ಡು ಕೊಟ್ಟು ಕೊಂಡ ವಸ್ತುವಿನ ಬಲ ಇಳಿಸಲು ಎಲ್ಲರಿಗೂ ಭಯ. ಇಳಿಸಿದರೆ ಬೈಗುಳ, ದುಡ್ಡು ವಾಪಸ್ ಕೇಳುವ ಪತ್ರಗಳು. ಹೀಗಾಗಿ ಅದನ್ನು ಹಾಗೇ ಬಿಟ್ಟು ಶತ್ರುಗಳ ಬಲ ಏರಿಸುತ್ತಾರೆ, ಮುಂದಿನ ಡಿಎಲ್‌ಸಿಯ ಬಂದೂಕು ಅದಕ್ಕಿಂತ ಒಂದು ಕೈ ಮೇಲಿರಬೇಕಾಗುತ್ತದೆ. ಯಾರೂ ಸಂಚು ಮಾಡದೆಯೇ ಮೂರು ವರ್ಷದಲ್ಲಿ ಹಳೇ ಆಯುಧ ಆಟಿಕೆಯಾಗುತ್ತದೆ. ಇದಕ್ಕೆ ಪವರ್ ಕ್ರೀಪ್ ಎನ್ನುತ್ತೇವೆ.

ಸಂಚಿನ ವಾದಕ್ಕೆ ಒಗ್ಗದ ಒಂದು ಪ್ರಕರಣ 2024ರದ್ದು. ಹೆಲ್‌ಡೈವರ್ಸ್ 2 ಎಂಬ ಕೋ-ಆಪ್ ಶೂಟರ್ ಫೆಬ್ರವರಿಯಲ್ಲಿ ಬಂತು, ಮಾರ್ಚ್‌ನಲ್ಲೇ ಎಲ್ಲರ ನೆಚ್ಚಿನ ರೈಲ್‌ಗನ್‌ನ ಬಲ ಇಳಿಸಿದರು. ಆಗಸ್ಟ್‌ನಲ್ಲಿ ಬೆಂಕಿ ಉಗುಳುವ ಆಯುಧವನ್ನು ಸಪ್ಪೆ ಮಾಡಿದರು. ಅದೇ ವಾರ ಅವರ ಅಂಗಡಿಗೆ ಬಂದದ್ದು ಬೆಂಕಿಯ ಆಯುಧಗಳದ್ದೇ ಹೊಸ ವಾರ್‌ಬಾಂಡ್, ಅಂದರೆ ಸಾಮಾನಿನ ಕಟ್ಟು! ಮಾರಲೆಂದು ಕೆಡಿಸುವವರು ಹೀಗೆ ತಮ್ಮ ಸರಕಿನ ಮೇಲೆ ತಾವೇ ನೀರು ಸುರಿಯುತ್ತಾರೆಯೇ? ಆಟಗಾರರು ಸಿಟ್ಟಾದರು, ಗೇಮ್ ಮಾಡಿದ ಆರೋಹೆಡ್ ಸಂಸ್ಥೆ 60 ದಿನಗಳ ತಿದ್ದುಪಡಿ ಯೋಜನೆ ಪ್ರಕಟಿಸಿತು, ಸೆಪ್ಟೆಂಬರ್‌ನ ಪ್ಯಾಚ್‌ನಲ್ಲಿ ಹಲವು ಆಯುಧಗಳಿಗೆ ಬಲ ಮರಳಿತು. ನನ್ನ ಕಣ್ಣಿಗೆ ಅದು ಕೋಷ್ಟಕ ನೋಡುತ್ತಾ ಕೂತು ಕೋಣೆಯನ್ನು ಮರೆತವರ ತಪ್ಪು. ನಾವೂ ಮಾಡಿದ್ದು ಅದನ್ನೇ.

ಹಾಗೆಂದು ನಿಮ್ಮ ಹಟಮಾರಿ ಗೆಳೆಯನ ಸಿಟ್ಟು ಬರೀ ಭ್ರಮೆಯೇನಲ್ಲ. ದರೋಡೆಯ ಕೋ-ಆಪ್ ಗೇಮ್ ಪೇಡೇ 2 ಬಂದದ್ದು 2013ರಲ್ಲಿ. ಗೇಮ್ ಒಳಗೆ ಚಿಲ್ಲರೆ ಮಾರಾಟ ಇರುವುದಿಲ್ಲ ಎಂದು ಮಾತು ಕೊಟ್ಟಿದ್ದವರು 2015ರ ಅಕ್ಟೋಬರ್‌ನಲ್ಲಿ ತಿಜೋರಿಗಳನ್ನು ತಂದರು. ತೆರೆಯಲು ದುಡ್ಡಿನ ಡ್ರಿಲ್ ಬೇಕು, ಒಳಗೆ ಸಿಗುವ ಕೆಲವು ಸ್ಕಿನ್‌ಗಳು (ಬಂದೂಕಿನ ಹೊರಮೈ ಅಲಂಕಾರ) ಬಣ್ಣದ ಜೊತೆ ಬಂದೂಕಿನ ಬಲವನ್ನೂ ಹೆಚ್ಚಿಸುತ್ತಿದ್ದವು. ಜನ ತಿರುಗಿಬಿದ್ದ ಮೇಲೆ 2016ರಲ್ಲಿ ದುಡ್ಡಿನ ಡ್ರಿಲ್ ತೆಗೆದುಹಾಕಿದರು. ಅಂಥದ್ದನ್ನು ಕಂಡವನು ಮುಂದಿನ ಪ್ರತಿ ಅಪ್‌ಡೇಟನ್ನೂ ಅನುಮಾನದಿಂದಲೇ ನೋಡುತ್ತಾನೆ.

ಇನ್ನೆರಡು ನಂಬಿಕೆಗಳನ್ನು ಇಲ್ಲೇ ತೆಗೆದುಬಿಡುತ್ತೇನೆ. '38 ಜಿಬಿ ಯಾಕೆ, ನಾನು ಡಿಎಲ್‌ಸಿ ಕೊಂಡೇ ಇಲ್ಲವಲ್ಲ' ಎಂದು ನಿಮಗೆ ಅನಿಸಿರಬೇಕು. ಗೆಳೆಯನ ಹೊಸ ಬಂದೂಕು, ಹೊಸ ಅಂಗಿ ನಿಮ್ಮ ಪರದೆಯ ಮೇಲೂ ಕಾಣಬೇಕಾದರೆ ಅದರ ಚಿತ್ರ, ಸದ್ದು, ಚಲನೆ ಎಲ್ಲವೂ ನಿಮ್ಮ ಡಿಸ್ಕಿನಲ್ಲೂ ಇರಬೇಕು. ನೀವು ಕೊಂಡಾಗ ಸಿಗುವುದು ಎಷ್ಟೋ ಸಲ ಬೀಗದ ಕೈ ಮಾತ್ರ. ಒಟ್ಟಿಗೆ ಆಡುವ ಗೇಮ್‌ನಲ್ಲಿ ಅದನ್ನು ಮೋಸ ಎನ್ನಲಾಗದು.

'ಕೊಳ್ಳದಿದ್ದರೆ ನನ್ನ ಗೇಮ್ ಹಾಗೇ ಇರುತ್ತದೆ' ಎನ್ನುವುದು ಎರಡನೆಯ ನಂಬಿಕೆ, ಹೆಚ್ಚು ಪೆಟ್ಟು ಕೊಡುವುದು ಇದೇ. 2024ರ ಆಗಸ್ಟ್‌ನಲ್ಲಿ ರಿಸ್ಕ್ ಆಫ್ ರೇನ್ 2ಕ್ಕೆ ಸೀಕರ್ಸ್ ಆಫ್ ದ ಸ್ಟಾರ್ಮ್ ಎಂಬ ಡಿಎಲ್‌ಸಿ ಬಂತು. ಜೊತೆಗೆ ಮೂಲ ಗೇಮ್‌ಗೂ ಪ್ಯಾಚ್ ಬಂತು, ಅದು ಎಲ್ಲರಿಗೂ ಕಡ್ಡಾಯ. ಕಂಪ್ಯೂಟರ್ ಎಷ್ಟು ವೇಗವಾಗಿ ಫ್ರೇಮ್ ಬಿಡಿಸುತ್ತದೋ ಅದರ ಮೇಲೆ ಗೇಮ್‌ನ ಲೆಕ್ಕಗಳೇ ಬದಲಾಗುವಂಥ ದೋಷ ಅದರಲ್ಲಿ ನುಸುಳಿತ್ತು. ಡಿಎಲ್‌ಸಿಯನ್ನು ಮೂಸಿಯೂ ನೋಡದವರ ಗೇಮ್ ಕೂಡ ಕೆಟ್ಟಿತು. ನೆಟ್‌ವರ್ಕ್ ಮೂಲಕ ಸೇರುವ ನಾಲ್ಕು ಯಂತ್ರಗಳು ಒಂದೇ ಲೆಕ್ಕ ಮಾಡಬೇಕು. ಒಂದರಲ್ಲಿ ಹಳೇ ನಿಯಮ, ಇನ್ನೊಂದರಲ್ಲಿ ಹೊಸ ನಿಯಮ ಇದ್ದರೆ ಒಬ್ಬನಿಗೆ ಸತ್ತ ಶತ್ರು ಮತ್ತೊಬ್ಬನಿಗೆ ಬದುಕಿರುತ್ತಾನೆ. ಹೀಗಾಗಿ ಆವೃತ್ತಿ ಹೊಂದದಿದ್ದರೆ ಲಾಬಿಯ, ಅಂದರೆ ಆಟಕ್ಕೆ ಮೊದಲು ಎಲ್ಲರೂ ಸೇರುವ ಜಾಗದ, ಬಾಗಿಲೇ ತೆರೆಯದು.

ದೋಷಗಳು ಇಷ್ಟು ಯಾಕೆ ಎಂದು ಕೇಳಿದರೆ ಒಂದು ಲೆಕ್ಕ ಕೊಡುತ್ತೇನೆ. ಐದು ಡಿಎಲ್‌ಸಿ ಇದ್ದರೆ ಒಬ್ಬ ಆಟಗಾರನ ಬಳಿ ಯಾವುದಿದೆ ಯಾವುದಿಲ್ಲ ಎಂಬುದರಲ್ಲಿ 32 ಬಗೆ. ನಾಲ್ವರ ಗುಂಪಿಗೆ 52,360 ಬಗೆ. ಹೋಸ್ಟ್ ಯಾರು, ಅಂದರೆ ಆಟ ಶುರು ಮಾಡಿ ಉಳಿದವರನ್ನು ಸೇರಿಸಿಕೊಂಡವನು ಯಾರು, ಎನ್ನುವುದನ್ನು ಇನ್ನೂ ಸೇರಿಸಿಲ್ಲ. ಪರೀಕ್ಷಾ ತಂಡದಲ್ಲಿ ಹತ್ತು ಜನರಿದ್ದರೆ ಎಲ್ಲವನ್ನೂ ಆಡಿ ನೋಡುವ ಮಾತೇ ಇಲ್ಲ. 'ಎಲ್ಲರ ಬಳಿ ಎಲ್ಲವೂ ಇದೆ', 'ಯಾರ ಬಳಿಯೂ ಏನೂ ಇಲ್ಲ', ಇವೆರಡನ್ನು ಚೆನ್ನಾಗಿ ನೋಡುತ್ತೇವೆ. ಇಬ್ಬರ ಬಳಿ ಇದೆ, ಇಬ್ಬರ ಬಳಿ ಇಲ್ಲ ಎನ್ನುವ ನಿಮ್ಮಂಥ ಗುಂಪು ಎರಡರ ನಡುವಿನ ಕತ್ತಲಲ್ಲಿ ಉಳಿದುಬಿಡುತ್ತದೆ.

ದುಡ್ಡಿನ ಕಾರಣವನ್ನೂ ಮುಚ್ಚಿಡುವುದಿಲ್ಲ. ಗೇಮ್‌ನ ಮಾರಾಟದಲ್ಲಿ ದೊಡ್ಡ ಪಾಲು ಮೊದಲ ಕೆಲವು ವಾರಗಳಲ್ಲೇ ಬರುತ್ತದೆ. ಸರ್ವರ್ ಬಾಡಿಗೆ ಮತ್ತು ಸಂಬಳ ಪ್ರತಿ ತಿಂಗಳೂ ಹೋಗುತ್ತಲೇ ಇರುತ್ತದೆ. ನಿಮ್ಮ ಗೆಳೆಯ 'ಒಂದು ಸಲ ಕೊಟ್ಟಾಗಿದೆ' ಎಂದದ್ದು ಅವನ ಕಡೆಯಿಂದ ನ್ಯಾಯ. ಮೂರು ವರ್ಷ ಸರ್ವರ್ ನಡೆಸಿದವರ ಕಡೆಯಿಂದ ಆ ದುಡ್ಡು ಎಂದೋ ಖರ್ಚಾಗಿದೆ. ಏನನ್ನು ಮಾರಬೇಕು ಎನ್ನುವುದು ಮಾತ್ರ ಅವರ ಆಯ್ಕೆ. ಗಣಿಗಾರರ ಕೋ-ಆಪ್ ಗೇಮ್ ಡೀಪ್ ರಾಕ್ ಗ್ಯಾಲಕ್ಟಿಕ್‌ನವರು ಹೊಸ ಆಯುಧ, ಹೊಸ ಮಿಷನ್‌ಗಳನ್ನು ಉಚಿತವಾಗಿ ಕೊಟ್ಟು ಉಡುಗೆ ಮತ್ತು ಬಣ್ಣಗಳನ್ನು ಮಾರಿದರು. ನಾನು ಹೆಚ್ಚು ಮೆಚ್ಚುವುದು ಅಲ್ಲಿನ ಇನ್ನೊಂದು ಸಂಗತಿಯನ್ನು. ಅಲ್ಲಿ ಸ್ಕೌಟ್ ಎಂಬ ಪಾತ್ರ ಕೊಕ್ಕೆ ಎಸೆದು ಮೇಲೇರುತ್ತಾನೆ, ಆದರೆ ಗೋಡೆಯ ಎತ್ತರದಲ್ಲಿರುವ ಖನಿಜದ ಬಳಿ ನಿಲ್ಲಲು ಇಂಜಿನಿಯರ್ ಒಂದು ಹಲಗೆ ಅಂಟಿಸಿಕೊಟ್ಟರೆ ಕೆಲಸ ಸಲೀಸು. ಇಂಜಿನಿಯರ್‌ಗೆ ಆ ಗೋಡೆ ಕಾಣಲು ಸ್ಕೌಟ್ ಹಾರಿಸುವ ಬೆಳಕು ಬೇಕು. ಎಷ್ಟು ಬಂದೂಕು ಬಂದರೂ ಈ ಕೊಡು-ಕೊಳ್ಳುವಿಕೆ ತಪ್ಪಲಿಲ್ಲ, ಏಕೆಂದರೆ ಅದು ಬಂದೂಕಿನ ಬಲದ ಮೇಲೆ ನಿಂತೇ ಇಲ್ಲ. ನಿಮ್ಮ ಗೇಮ್‌ನಲ್ಲಿ ಗುರಾಣಿ ನಿಂತದ್ದು ಶತ್ರು ಸಾಯುವ ವೇಗದ ಮೇಲೆ, ವೇಗ ಬದಲಾದಾಗ ಅದೂ ಕುಸಿಯಿತು.

ಇನ್ನು ಮಾಡುವುದೇನು? ಹಳೇ ಆವೃತ್ತಿಯ ಆಸೆಯಿಂದ ಶುರು ಮಾಡುತ್ತೇನೆ, ಏಕೆಂದರೆ ಅದು ಬೇಗ ಮುಗಿಯುತ್ತದೆ. ಕಂಪ್ಯೂಟರ್ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಗೇಮ್‌ನ ಪ್ರಾಪರ್ಟೀಸ್ ಒಳಗೆ ಬೀಟಾಸ್ ಎಂಬ ಜಾಗವಿದೆ, ಡೆವಲಪರ್ ಇಟ್ಟಿದ್ದರೆ ಹಳೇ ಆವೃತ್ತಿಗಳು ಅಲ್ಲಿ ಸಿಗುತ್ತವೆ. ಮೈನ್‌ಕ್ರಾಫ್ಟ್‌ನ ಜಾವಾ ಆವೃತ್ತಿಯ ಲಾಂಚರ್‌ನಲ್ಲಿಯೂ ಹಳೆಯದನ್ನು ಆರಿಸಬಹುದು. ಆದರೆ ನೀವು ಆಡಿ ಗಳಿಸಿದ್ದನ್ನು ಉಳಿಸುವ ಸೇವ್ ಫೈಲ್ ಸಾಮಾನ್ಯವಾಗಿ ಮುಂದಕ್ಕೆ ಮಾತ್ರ ಹೋಗುತ್ತದೆ. ಹೊಸ ಆವೃತ್ತಿಯಲ್ಲಿ ಒಮ್ಮೆ ತೆರೆದ ಸೇವನ್ನು ಹಳೆಯದರಲ್ಲಿ ತೆರೆದರೆ ಹಾಳಾಗುವ ಅಪಾಯ ಇದ್ದೇ ಇದೆ, ಮೊದಲೇ ನಕಲು ಮಾಡಿಟ್ಟುಕೊಳ್ಳಿ. ನಾಲ್ವರೂ ಅದೇ ಆವೃತ್ತಿಗೆ ಇಳಿಯಬೇಕು. ಒಬ್ಬರು ಕನ್ಸೋಲ್‌ನಲ್ಲಿದ್ದರೆ ಆಸೆ ಬಿಡಿ. ಸದಾ ಕಂಪನಿಯ ಸರ್ವರ್ ಮೂಲಕವೇ ನಡೆಯುವ ಗೇಮ್ ಆದರೂ ಅಷ್ಟೇ.

ಡಿಎಲ್‌ಸಿ ಕೊಳ್ಳುವ ಮೊದಲು ಅವು ಯಾವ ಜಾತಿಯವು ನೋಡಿ. ನಕ್ಷೆ ಅಥವಾ ಮಿಷನ್ ಮಾರುವ ಡಿಎಲ್‌ಸಿಗಳಲ್ಲಿ ಹಲವಕ್ಕೆ ಹೋಸ್ಟ್ ಒಬ್ಬ ಕೊಂಡಿದ್ದರೆ ಸಾಕು, ಉಳಿದವರು ಅವನ ಲಾಬಿಗೆ ಸೇರಿ ಆಡಬಹುದು. ಪೇಡೇ 2ರ ದರೋಡೆಗಳು ಹೀಗೆಯೇ. ನಿಮ್ಮ ಗೇಮ್‌ನಲ್ಲೂ ಹಾಗಿದ್ದರೆ ಕೊಂಡವನು ಹೋಸ್ಟ್ ಆಗಲಿ, ನೀವಿಬ್ಬರೂ ದುಡ್ಡು ಕೊಡಬೇಕಿಲ್ಲ. ಆಯುಧದ ಡಿಎಲ್‌ಸಿ ಸಾಮಾನ್ಯವಾಗಿ ಕೊಂಡವನ ಕೈಗೇ ಕಟ್ಟಿಕೊಂಡಿರುತ್ತದೆ. ನೀವು ಹೇಳಿದ ತೊಂದರೆ ಬಂದದ್ದು ಆಯುಧದಿಂದ. ನೀವೂ ಅದೇ ಬಂದೂಕು ಕೊಂಡರೆ ಅಂತರ ಮುಚ್ಚುತ್ತದೆ, ಗುರಾಣಿ ಮಾತ್ರ ಮರಳುವುದಿಲ್ಲ. ಬಾಗಿಲು ಕಾಯುವ ಸುಖಕ್ಕಾಗಿ ಆಡುವವರು ನೀವು. ಹಾಗಾದರೆ ಆ ಖರ್ಚು ವ್ಯರ್ಥ ಎಂದೇ ನನ್ನ ಅಭಿಪ್ರಾಯ. ಕೊಂಡೇ ನೋಡುತ್ತೇನೆ ಎಂದರೆ ಒಂದು ಎಚ್ಚರ: ಸ್ಟೀಮ್‌ನಲ್ಲಿ ಡಿಎಲ್‌ಸಿಯ ದುಡ್ಡು ವಾಪಸ್ ಸಿಗುವುದು ಸಾಮಾನ್ಯವಾಗಿ 14 ದಿನದ ಒಳಗೆ, ಅದೂ ಕೊಂಡ ಮೇಲೆ ಮೂಲ ಗೇಮನ್ನು 2 ಗಂಟೆಗಿಂತ ಕಡಿಮೆ ಆಡಿದ್ದರೆ. ಶನಿವಾರ ರಾತ್ರಿ ಕೂತು ಪರೀಕ್ಷಿಸಿದರೆ ಅವಧಿ ಅಲ್ಲೇ ಮುಗಿಯುತ್ತದೆ. ಗುರುವಾರ ಒಂದು ಗಂಟೆ ಒಬ್ಬರೇ ಆಡಿ ನೋಡಿ.

ಕೊಂಡದ್ದು ಎಂದೆಂದಿಗೂ ಉಳಿಯುತ್ತದೆ ಎಂದೂ ತಿಳಿಯಬೇಡಿ. ಡೆಸ್ಟಿನಿ 2ರಲ್ಲಿ 2020ರ ನವೆಂಬರ್‌ನಲ್ಲಿ ಮೊದಲ ಕಥಾಭಾಗವೂ ಕೆಲವು ಗ್ರಹಗಳೂ ಗೇಮ್‌ನಿಂದಲೇ ಹೊರಹೋದವು. ಅವುಗಳಲ್ಲಿ ಜನ ದುಡ್ಡು ಕೊಟ್ಟು ಕೊಂಡ ಭಾಗಗಳೂ ಇದ್ದವು. ಸರ್ವರ್ ಆಧಾರಿತ ಗೇಮ್‌ನಲ್ಲಿ ನೀವು ಕೊಳ್ಳುವುದು ಹೆಚ್ಚುಕಡಿಮೆ ಪ್ರವೇಶದ ಚೀಟಿಯನ್ನು.

ನಾನು ನಿಮ್ಮ ಜಾಗದಲ್ಲಿದ್ದರೆ ದುಡ್ಡಿಗೆ ಮೊದಲು ಇದನ್ನು ಮಾಡುತ್ತಿದ್ದೆ. ನಾಲ್ವರೂ ಹೊಸ ಪಾತ್ರ ಶುರು ಮಾಡಿ, ಅದನ್ನು ಶನಿವಾರಕ್ಕೆಂದೇ ಮೀಸಲಿಡಿ. ಕೊಂಡ ಇಬ್ಬರು ಅದರಲ್ಲಿ ಡಿಎಲ್‌ಸಿ ಬಂದೂಕು ಮುಟ್ಟಬಾರದು, ಒಬ್ಬೊಬ್ಬರೇ ಆಡಿ ಅದರ ಲೆವೆಲ್ ಏರಿಸಬಾರದು. ತಮ್ಮ ಹಳೇ ಪಾತ್ರಗಳಲ್ಲಿ ವಾರದ ಉಳಿದ ದಿನ ಏನು ಬೇಕಾದರೂ ಮಾಡಿಕೊಳ್ಳಲಿ. ಬರೆದಂತೆ ಇದು ಸುಲಭವಲ್ಲ. ನೂರಾರು ಗಂಟೆ ಕೂತು ಗಳಿಸಿದ್ದನ್ನು ಬದಿಗಿಡಿ ಎಂದು ಗೆಳೆಯರನ್ನು ಕೇಳುತ್ತಿದ್ದೀರಿ, ಎರಡನೇ ವಾರ 'ಇವತ್ತೊಂದು ದಿನ ಹೊಸ ಬಂದೂಕು' ಎಂಬ ಮಾತು ಬಂದೇ ಬರುತ್ತದೆ. ಇನ್ನೊಂದು ತೊಡಕೂ ಇದೆ. ಕೆಲವು ಗೇಮ್‌ಗಳಲ್ಲಿ ಹೊಸ ಪಾತ್ರಕ್ಕೂ ಕೈತುಂಬ ಬಲ ಕೊಟ್ಟು ಬೇಗ ಮುಂದೆ ಸಾಗಿಸುತ್ತಾರೆ. ಮಾನ್‌ಸ್ಟರ್ ಹಂಟರ್ ವರ್ಲ್ಡ್‌ನಲ್ಲಿ 2019ರ ಐಸ್‌ಬೋರ್ನ್ ತನಕ ಜನರನ್ನು ಬೇಗ ತಲುಪಿಸಲು ಡಿಫೆಂಡರ್ ಎಂಬ ಆಯುಧಗಳನ್ನೂ ಗಾರ್ಡಿಯನ್ ಎಂಬ ಕವಚವನ್ನೂ ಉಚಿತವಾಗಿ ಕೊಟ್ಟರು, ಅವನ್ನು ತೊಟ್ಟವರಿಗೆ ಮೊದಲ ಅರ್ಧದ ಬೇಟೆಗಳು ಬೆಣ್ಣೆಯಂತೆ ಕರಗಿದವು. ಅಂಥದ್ದು ನಿಮ್ಮ ಗೇಮ್‌ನಲ್ಲಿದ್ದರೆ ಅದನ್ನೂ ಪೆಟ್ಟಿಗೆಯಲ್ಲೇ ಬಿಡಿ. ಪ್ರಪಂಚವನ್ನೇ ಸೇವ್ ಮಾಡುವ ಗೇಮ್ ಆದರೆ ಪ್ರಪಂಚವೂ ಹೊಸದಾಗಿರಲಿ. ವ್ಯಾಲ್‌ಹೈಮ್‌ನಲ್ಲಿ 2022ರ ಮಿಸ್ಟ್‌ಲ್ಯಾಂಡ್ಸ್ ಅಪ್‌ಡೇಟ್ ಬಂದಾಗ ಆಗಲೇ ಸುತ್ತಾಡಿ ಬಂದಿದ್ದ ನೆಲದಲ್ಲಿ ಹೊಸದೇನೂ ಹುಟ್ಟಲಿಲ್ಲ, ಕಾಲಿಡದ ಜಾಗದಲ್ಲಷ್ಟೇ ಕಂಡಿತು.

ಇದಕ್ಕೆ ಇಬ್ಬರು ಒಪ್ಪದಿದ್ದರೆ ಆರು ವಾರ ಬೇರೆ ಗೇಮ್‌ಗೆ ಹೋಗಿ, ನಿಮ್ಮನ್ನು ಹಿಂದೆ ಬಿಟ್ಟು ಮುಂದೋಡುವ ಅಪ್‌ಡೇಟ್‌ಗಳಿಲ್ಲದ, ಮುಗಿದ ಗೇಮ್‌ಗೆ. ನಿಮ್ಮ ಗೆಳೆತನ ಯಾವ ಗೇಮ್‌ನ ಸೇವ್ ಫೈಲಿನಲ್ಲೂ ಇಲ್ಲವಲ್ಲ. ಇಬ್ಬರಿಗಾದರೆ 2021ರ ಇಟ್ ಟೇಕ್ಸ್ ಟೂ ಇದೆ, ಒಬ್ಬ ಕೊಂಡರೆ ಇನ್ನೊಬ್ಬ ಫ್ರೆಂಡ್ಸ್ ಪಾಸ್‌ನಲ್ಲಿ ಉಚಿತವಾಗಿ ಸೇರಬಹುದು. ನಾಲ್ವರಿಗಾದರೆ 2009ರ ಲೆಫ್ಟ್ 4 ಡೆಡ್ 2 ಇಂದಿಗೂ ಗಟ್ಟಿ. 2020ರಲ್ಲಿ ಅದಕ್ಕೆ ಅಭಿಮಾನಿಗಳೇ ಕಟ್ಟಿದ ಅಪ್‌ಡೇಟ್ ಬಂತು, ಉಚಿತವಾಗಿ. ಅಲ್ಲಿ ಐದು ತಿಂಗಳು ಬಿಟ್ಟು ಬಂದವನಿಗೂ ಸಿಗುವುದು ಉಳಿದವರಿಗೆ ಸಿಗುವ ಬಂದೂಕೇ.

ಕಡೆಯ ಪ್ರಶ್ನೆ, ನಿಮ್ಮ ಕೈಯದ್ದು. ಐದು ತಿಂಗಳು ಬಿಟ್ಟರೆ ಗುರಿ ಸ್ವಲ್ಪ ತಪ್ಪುತ್ತದೆ, ಎರಡು ಶನಿವಾರದಲ್ಲಿ ಸರಿಹೋಗುತ್ತದೆ. ನಂಬಿಕೆ ಬರದಿದ್ದರೆ ಒಂದು ಕೆಲಸ ಮಾಡಿ: ಮುಂದಿನ ಸಲ ಒಂದು ಮಿಷನ್ ರೆಕಾರ್ಡ್ ಮಾಡಿಕೊಂಡು, ಕೋಣೆಗೆ ಶತ್ರು ಕಾಲಿಟ್ಟ ಕ್ಷಣದಿಂದ ಅವನು ಬೀಳುವ ತನಕ ಎಷ್ಟು ಹೊತ್ತು ಎಂದು ಎಣಿಸಿ. ಆಮೇಲೆ ನೀವು ನಿಂತ ಜಾಗದಿಂದ ಬಾಗಿಲಿಗೆ ಗುರಾಣಿ ಎತ್ತಿಕೊಂಡು ನಡೆಯಲು ಎಷ್ಟು ಹೊತ್ತು ಎಂದು ಎಣಿಸಿ. ಗುರಾಣಿ ಹಿಡಿದವನ ನಡಿಗೆಯ ವೇಗವನ್ನು ಗೊತ್ತು ಮಾಡಿದ್ದು ನನ್ನಂಥ ಯಾರೋ ಒಬ್ಬ, ಮೂರು ವರ್ಷದ ಹಿಂದೆ, ಮೂರು ಸೆಕೆಂಡಿನ ಕೋಣೆಗೆಂದು.